ನೀರಿಡದ ಊಟ

ತತ್ತಿ ಕೊಳ್ಳುವಾಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡುವುದು ನನ್ನ ರೂಢಿ. ಒಳಗೆ ಲೊಳಕ್ ಎಂದರೆ ಹಳೆಯದು, ಸದ್ದಿಲ್ಲದಿದ್ದರೆ ತಾಜಾ. ರಾಯಚೂರಿನ ಮಾರ್ಕೆಟ್ಟಿನಲ್ಲಿ ತತ್ತಿ ಮಾರುವವನಿಗೆ ನನ್ನ ಈ ಚಾಳಿ ಗೊತ್ತು. ನಾನು ಬರುವುದು ಕಂಡರೆ ಟ್ರೇ ಮುಂದೆ ತಳ್ಳಿ ತಾನು ಹಿಂದೆ ಸರಿದು ನಿಲ್ಲುತ್ತಾನೆ. ಆ ಭಾನುವಾರ ಬೆಳಿಗ್ಗೆಯೂ ಅಲುಗಿಸಿ ನೋಡಿದೆ. ಆದರೆ ರೇಟು ಕೇಳಲಿಲ್ಲ, ಹೆಚ್ಚಾಯಿತು ಎನ್ನಲಿಲ್ಲ, ಎರಡು ಹೆಜ್ಜೆ ಹೋಗಿ ತಿರುಗಿ ಬರುವ ಆಟವನ್ನೂ ಆಡಲಿಲ್ಲ.

“ಯಾಕ್ರೀ ಅಕ್ಕಾರ, ಚೌಕಾಶಿ ಇಲ್ಲ, ಬೈಗುಳ ಇಲ್ಲ? ನಂಗ ಅಂಜಿಕಿ ಬರಾಕತ್ತದ ನೋಡ್ರಿ,” ಎಂದ.

“ಸುಮ್ನ ಕಟ್ಟಿಕೊಡಪ್ಪಾ,” ಎಂದೆ.

ಅಂಜಿಕೆ ಇದ್ದದ್ದು ನನಗೆ. ಆ ತತ್ತಿಗಳು ಮಧ್ಯಾಹ್ನ ನನ್ನ ಗಂಡನ ಬಾಯಿಗೆ ಹೋಗಬೇಕಾಗಿತ್ತು. ಸರಿಯಾದ ದಾರಿಯಲ್ಲಿ ಹೋದರೆ ಊಟ, ತಪ್ಪು ದಾರಿಯಲ್ಲಿ ಹೋದರೆ ಮತ್ತೆ ಆಸ್ಪತ್ರೆ, ಮತ್ತೆ ಮೂಗಿನೊಳಗೆ ಪೈಪು.

ನಾನು ದೇವದುರ್ಗದವಳು. ಹೊಲದ ಕೂಲಿ ಮಾಡುವವರ ಮಗಳು. ಮೆಂತೆ, ಪುಂಡಿಪಲ್ಯದ ಸಿವುಡು ಕಟ್ಟಿ, ಪುಟ್ಟಿಯಲ್ಲಿ ತುಂಬಿ, ಬಸ್ಸಿನಲ್ಲಿ ರಾಯಚೂರಿಗೆ ತಂದು ಮಾರುತ್ತಿದ್ದೆ. ಪುಟ್ಟಿಗೂ ಟಿಕೀಟು ತೆಗೆಯಬೇಕೆಂದು ಕಂಡಕ್ಟರ್ ಜಗಳಕ್ಕೆ ನಿಂತರೆ ನಾನು ಅವನಿಗಿಂತ ದೊಡ್ಡ ದನಿಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದೆ. ಆಗ ಡ್ರೈವರ್ ಮೇಲಿನ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. ಆ ಡ್ರೈವರನೇ ನನ್ನ ಗಂಡನಾದದ್ದು. ಈಗ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡೆ, ಆಲೂಗಡ್ಡೆಯ ಅಂಗಡಿ ನನ್ನದು. ಯಾರೂ ಕೂಡಿಸಿ ಕೊಟ್ಟದ್ದಲ್ಲ, ಬಾಯಿಂದಲೇ ಕಟ್ಟಿದ್ದು. ಕೊಡುವವನ ಮುಖ ನೋಡಿ ಎಷ್ಟಕ್ಕೆ ಇಳಿಯುತ್ತಾನೆಂದು ಹೇಳಬಲ್ಲೆ.

ಲಕ್ವದ ಮುಂದೆ ಮಾತ್ರ ಈ ವಿದ್ಯೆ ನಡೆಯಲಿಲ್ಲ. ರಜೆಯ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ದಾಡಿ ಮಾಡಿಕೊಳ್ಳುತ್ತ ನಿಂತಿದ್ದ ನನ್ನ ಗಂಡ ಹಾಗೇ ಗೋಡೆಗೆ ಒರಗಿ ಕುಸಿದರು. ಅರ್ಧ ಗಲ್ಲಕ್ಕೆ ಸಾಬೂನು ಇತ್ತು, ಆ ಅರ್ಧವೇ ಜೋತುಬಿದ್ದಿತ್ತು. ಇಲ್ಲಿ ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಬಾಯಿ ಸೊಟ್ಟಾಗಿ ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ, ಅವರಿವರ ಔಷಧ ಕೇಳುತ್ತ ಕೂಡಬೇಡಿ, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಓಡಿ. ನಾವು ಓಡಿದೆವು. ಹಾಗಾಗಿ ಕಾಲು ಬಂತು, ಕೈ ಅರ್ಧ ಬಂತು, ಮಾತು ತೊದಲಿಕೊಂಡಾದರೂ ಬಂತು. ಗಂಟಲು ಬರಲಿಲ್ಲ.

ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿದರು. ಅದರಲ್ಲಿ ಹಾಲು, ಗಂಜಿ ಬಿಡುವುದು ನನ್ನ ಕೆಲಸ. ಒಮ್ಮೆ ನಾನು ಪಾತ್ರೆ ತೊಳೆಯಲು ಹೋದಾಗ ಅವರೇ ಪೈಪು ಕಿತ್ತುಕೊಂಡರು. ಅದನ್ನು ಮತ್ತೆ ಹಾಕುವಾಗ ಅವರ ಗಂಟಲಿನಿಂದ ಬಂದ ಸದ್ದು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ. ಕೊನೆಗೊಂದು ದಿನ ಡಾಕ್ಟರೇ ಪೈಪು ತೆಗೆಸಿದರು. ಅವತ್ತು ಇವರು ನನ್ನ ಕೈ ಹಿಡಿದು, ಒಂದೊಂದೇ ಶಬ್ದ ಎಳೆದು ಹೇಳಿದರು: “ಇನ್ನೊಮ್ಮಿ... ಇದನ್ನ ಹಾಕಿಸಬ್ಯಾಡ. ಹಾಕಿಸಿದ್ರ... ನಾ ಇರಂಗಿಲ್ಲ.”

ಅವರು ಸುಮ್ಮನೆ ಹೆದರಿಸುವ ಮನುಷ್ಯರಲ್ಲ.

ನುಂಗುವುದನ್ನು ಕಲಿಸಲಿಕ್ಕೂ ಒಬ್ಬರು ಇರುತ್ತಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಅವಳನ್ನು ನಾವು ಮೇಡಂ ಎನ್ನುತ್ತಿದ್ದೆವು. ಅವಳು ಹಾಳೆಯ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದಳು. ಎರಡು ದಾರಿ, ಒಂದು ಹೊಟ್ಟೆಗೆ, ಇನ್ನೊಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿಗೆ ಒಂದು ಮುಚ್ಚಳ ಬೀಳಬೇಕು. ಇವರಿಗೆ ಅದು ತಡವಾಗಿ ಬೀಳುತ್ತದೆ.

“ರೈಲ್ವೆ... ಗೇಟು,” ಎಂದರು ನನ್ನ ಗಂಡ.

“ಕರೆಕ್ಟ್ ಅಂಕಲ್. ಗಟ್ಟಿ ಗಂಜಿ ಲಾರಿ ಇದ್ದ ಹಾಗೆ, ನಿಧಾನಕ್ಕೆ ಬರುತ್ತೆ, ಗೇಟ್ ಬೀಳೋವರೆಗೂ ನಿಲ್ಲುತ್ತೆ. ನೀರು ಮೋಟರ್ ಸೈಕಲ್. ಗೇಟ್ ಕೆಳಗೇ ನುಗ್ಗಿಬಿಡುತ್ತೆ.”

ಅಂದರೆ ನೀರೇ ಎಲ್ಲಕ್ಕಿಂತ ಅಪಾಯ. ನಮ್ಮ ರಾಯಚೂರಿನ ಬಿಸಿಲಿನಲ್ಲಿ ಒಬ್ಬ ಮನುಷ್ಯನಿಗೆ ನೀರು ಕೊಡಬೇಡ ಎನ್ನುವುದು! ಆಸ್ಪತ್ರೆಯವರು ಹೇಳಿದ ಪುಡಿ ಬೆರೆಸಿ, ಅಂಬಲಿಯ ಹಾಗೆ ಗಟ್ಟಿ ಮಾಡಿದ ನೀರನ್ನು ಚಮಚದಲ್ಲಿ ಕೊಡಬೇಕು. ಅವರು ಅದನ್ನು ಬಾಯಲ್ಲಿಟ್ಟುಕೊಂಡು ಮುಖ ಹಿಂಡುತ್ತಿದ್ದರು. ಗಂಜಿಯ ಬಟ್ಟಲನ್ನು ದಿನದಿನಕ್ಕೆ ಬೇಗ ಪಕ್ಕಕ್ಕೆ ಸರಿಸತೊಡಗಿದರು. ಷರಟು ಸಡಿಲಾಗುತ್ತ ಬಂತು. ಏನು ಬೇಕು ಎಂದು ಕೇಳಿದರೆ ಒಂದೇ ಮಾತು: “ಕವಿತಾಳದ... ಅಂಬ್ಲೇಟು.”

ಕವಿತಾಳದ ಬಸ್‌ಸ್ಟ್ಯಾಂಡಿನ ಎದುರು ಒಂದು ತಳ್ಳುಬಂಡಿ ಇತ್ತು. ಆ ರೂಟಿನಲ್ಲಿ ಬಸ್ಸು ಹೊಡೆಯುವಾಗ ಅಲ್ಲಿ ಇಳಿದು, ಹಸಿಮೆಣಸಿನಕಾಯಿ ಹಾಕಿಸಿ, ಅಂಚು ಕರಕಲಾಗುವ ಹಾಗೆ ಸುಡಿಸಿ ತಿಂದವರು ಅವರು. ಆ ಕರಕಲು ಅಂಚು, ಆ ಮೆಣಸಿನಕಾಯಿ, ಎರಡೂ ಬೇಡ ಎಂದಳು ಮೇಡಂ. ಅನ್ನ ಕಾಳುಕಾಳಾಗಿ ಚೆದರುತ್ತದೆ, ಬೇಡ. ರೊಟ್ಟಿಯ ಮಾತೇ ಬೇಡ. ಮೆತ್ತಗಿರಬೇಕು, ಒದ್ದೆ ಇರಬೇಕು, ಆದರೆ ನೀರೊಡೆಯಬಾರದು. ಒತ್ತಿದರೆ ಉದುರದೆ ಒಂದಕ್ಕೊಂದು ಹಿಡಿದುಕೊಂಡಿರಬೇಕು. ಅಂಥದ್ದನ್ನು ಹುಡುಕಿಕೊಂಡು ಬಂದರೆ ನೋಡೋಣ ಎಂದಳು.

ಹುಡುಕಿದವಳು ನನ್ನ ಮಗಳು. ಕಲ್ಲೂರಿನ ಶಾಲೆಯಲ್ಲಿ ಟೀಚರ್. ಸಂಜೆ ಬಸ್ಸಿಳಿದು ಬಂದವಳೇ ಮೊಬೈಲ್ ನನ್ನ ಮುಂದೆ ಹಿಡಿದಳು.

“ಯವ್ವಾ, ಇದು ನೋಡು. ಸ್ಪ್ಯಾನಿಷ್ ಆಮ್ಲೆಟ್ ಅಂತ. ಆಲುಗಡ್ಡಿ, ಉಳ್ಳಾಗಡ್ಡಿ, ತತ್ತಿ. ಮುಗೀತು. ನಿನ್ನ ಅಂಗಡ್ಯಾಗ ಎರಡು ಅದಾವ.”

“ಸ್ಪೇನ್ ಅಂದ್ರ ಎಲ್ಲಿ ಬರತದ?”

“ಮಾನ್ವಿ ದಾಟಿ ಇನ್ನೊಂಚೂರು ಮುಂದ,” ಎಂದಳು. ಗೋಡೆಗೊರಗಿ ಕೂತಿದ್ದ ಅವರಪ್ಪನ ಸೊಟ್ಟ ಬಾಯಿ ಒಂದು ಕಡೆ ಅರಳಿತು.

ನಾನು ಮೊದಲು ಮಾಡಿದ್ದು ಕೆಟ್ಟಿತು. ಉರಿ ಜೋರು ಮಾಡಿದ್ದೆ, ಹೊರಗೆ ಕೆಂಪು, ಒಳಗೆ ಒಣಗಿ ಪುಡಿಪುಡಿ. ಡಬ್ಬಿಯಲ್ಲಿ ಒಯ್ದು ತೋರಿಸಿದರೆ ಮೇಡಂ ಫೋರ್ಕಿನಿಂದ ಒತ್ತಿ, ಉದುರಿದ ಚೂರುಗಳನ್ನು ನನಗೇ ತೋರಿಸಿದಳು. ಇಂಥ ಒಂದು ಚೂರು ಸಾಕಲ್ಲ ಎನ್ನಿಸಿತು. ಎರಡನೆಯ ಸಲ ಮಾಡಿ ಒಯ್ದದ್ದನ್ನು ಒತ್ತಿದಳು. ಅದು ಬೆಣ್ಣೆಯ ಹಾಗೆ ತಗ್ಗಿ, ಹಾಗೇ ಹಿಡಿದುಕೊಂಡು ನಿಂತಿತು. ಜೊತೆಗೆ ಬಂದಿದ್ದ ನನ್ನ ಗಂಡನಿಗೆ ಅಲ್ಲೇ ಕಿವುಚಿದ ಆಲೂಗಡ್ಡೆ ಒಂದು ಚಮಚ ಕೊಟ್ಟು, ಕುತ್ತಿಗೆಗೆ ಬೆರಳಿಟ್ಟು ನೋಡಿ ಒಪ್ಪಿಗೆ ಕೊಟ್ಟಳು. ಭಾನುವಾರ ಮನೆಯಲ್ಲಿ ಆಮ್ಲೆಟ್ಟಿನ ನಾಲ್ಕು ತುತ್ತು, ಅರ್ಧರ್ಧ ಚಮಚ. ಸೋಮವಾರ ಕರೆತರಬೇಕು, ಡಾಕ್ಟರು ಎದೆ ನೋಡುತ್ತಾರೆ.

“ಆರು ತುತ್ತು ಮಾಡ್ರಿ ಮೇಡಂ, ಹೊಟ್ಟಿಗಿ ಹತ್ತಂಗಿಲ್ಲ,” ಎಂದೆ. ಬಾಯಿ ಅಭ್ಯಾಸ.

“ಇಲ್ಲಿ ಚೌಕಾಶಿ ಇಲ್ಲ ಆಂಟಿ. ಕೆಮ್ಮು ಬಂದು ದನಿ ಒದ್ದೆಯಾಗಿ ಹಾಗೇ ಉಳಿದರೆ ನಿಲ್ಲಿಸಿಬಿಡಿ, ಕೂಡಲೇ ಕರೆತನ್ನಿ. ಎದೆಯಲ್ಲಿ ಸದ್ದು ಬಂದರೆ ಪೈಪು ಹಾಕದೆ ಬೇರೆ ದಾರಿ ಇರಲ್ಲ.”

ಒದ್ದೆ ದನಿ ಎಂದರೇನು ಎಂದು ಕೇಳಿದೆ. ಪ್ರತಿ ತುತ್ತಿನ ನಂತರ ‘ಆ’ ಅನ್ನಿಸಬೇಕು. ಗಂಟಲಲ್ಲಿ ಏನಾದರೂ ಕೂತಿದ್ದರೆ ನೀರೊಳಗಿನಿಂದ ಕೂಗಿದ ಹಾಗೆ ಕೇಳುತ್ತದೆ. ನೆಟ್ಟಗೆ ಕುರ್ಚಿಯಲ್ಲಿ ಕೂಡಿಸಬೇಕು. ನುಂಗುವಾಗ ಗದ್ದ ಎದೆಗೆ ಬಗ್ಗಿಸಬೇಕು. ಬಾಯಲ್ಲಿ ತುತ್ತಿದ್ದಾಗ ಯಾರೂ ಮಾತಾಡಿಸಬಾರದು. ಕೆಮ್ಮಿದರೆ ನೀರು ಮಾತ್ರ ಕೊಡಲೇಬಾರದು.

ಕೊನೆಯ ಎರಡು ಮಾತು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದವರು ಗಂಡನ ಅಕ್ಕ. ತಾಯಿ ಸತ್ತ ಮೇಲೆ ತಮ್ಮನಿಗೆ ತುತ್ತು ಮಾಡಿ ಉಣಿಸಿ ಬೆಳೆಸಿದವರು. ಮಾನ್ವಿಯಲ್ಲಿ ಭತ್ತದ ನಾಟಿ ಹಚ್ಚುವ ಹೆಣ್ಣಾಳುಗಳ ಮುಂದಾಳು. ಗದ್ದೆಯ ಆ ಬದುವಿನಿಂದ ಈ ಬದುವಿಗೆ ಕೇಳುವ ದನಿ. ಅವರು ಇದ್ದ ಕಡೆ ಮಾತಿಲ್ಲದ ಊಟ ಇಲ್ಲ, ನೀರಿಲ್ಲದ ತಾಟಿಲ್ಲ. ನಮ್ಮ ಮನೆಗಳಲ್ಲಿ ಉಣ್ಣುವಾಗ ಯಾರಿಗಾದರೂ ಕೆಮ್ಮು ಬಂದರೆ ನೆತ್ತಿಗೇರಿತು, ಯಾರೋ ನೆನೆಸಿದರು ಎಂದು ನೆತ್ತಿ ತಟ್ಟುತ್ತೇವೆ, ಬಾಯಿಗೆ ನೀರು ಹಿಡಿಯುತ್ತೇವೆ. ಅದು ಯೋಚಿಸಿ ಮಾಡುವ ಕೆಲಸವಲ್ಲ. ಕೈ ತಾನೇ ಹೋಗುತ್ತದೆ. ಆ ಕೈಯೇ ನನಗೆ ಭಯ.

ಅವರನ್ನು ಆಮೇಲೆ ಕರೆಯೋಣ ಎಂದರೆ ನನ್ನ ಗಂಡ ಕೇಳಲಿಲ್ಲ. “ಅಕ್ಕ... ಬರಲಿ. ಎಲ್ಲಾರೂ... ಕೂತು ಉಣ್ಣಬೇಕು,” ಎಂದರು. ಪೈಪಿನ ದಿನಗಳಲ್ಲಿ ನಾನೂ ಮಗಳೂ ಇವರಿಗೆ ಮರೆಯಾಗಿ ಅಡುಗೆಮನೆಯಲ್ಲಿ ಕೂತು ಉಣ್ಣುತ್ತಿದ್ದೆವು. ಅದು ಇವರಿಗೆ ಗೊತ್ತಿತ್ತು. ಮಾನ್ವಿಗೆ ಫೋನು ಮಾಡಿದೆ.

ಭಾನುವಾರ ಅಕ್ಕ ಬಂದಾಗ ನಾನು ಒಲೆಯ ಮುಂದೆ ಇದ್ದೆ. ಹೆಗಲ ಚೀಲ ಇಳಿಸದೆಯೇ ಕಡಾಯಿಯೊಳಗೆ ಬಗ್ಗಿ ನೋಡಿದರು.

“ಯವ್ವಾ, ಇದೇನಬೇ, ಆಲುಗಡ್ಡಿ ಎಣ್ಣ್ಯಾಗ ಈಜಾಡಾಕತ್ತಾವು! ಎಣ್ಣಿ ಗಾಣ ಇಟ್ಟೀಯೇನು?”

“ಹಂಗ ಬೇಯಿಸಬೇಕ್ರಿ ಅಕ್ಕಾರ. ಎಣ್ಣಿ ಆಮ್ಯಾಲ ಸೋಸಿ ತಗಿತೀನಿ, ನಾಳಿ ಪಲ್ಯಕ್ಕ ಆಗತದ.”

“ಅದಕ್ಕ ನೀನು ಅಂಗಡಿ ಕಟ್ಟೀದಿ, ನಾವು ಕೆಸರು ತುಳಿಯಾಕತ್ತೀವಿ.”

ಮಾಡುವ ರೀತಿ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾದೀತು. ಉಗುರಿನಿಂದ ಕೆರೆದರೆ ಸಿಪ್ಪೆ ಏಳುವ ಹೊಸ ಆಲೂಗಡ್ಡೆ ಇದಕ್ಕೆ ಬೇಡ, ಅದು ಎಷ್ಟು ಬೇಯಿಸಿದರೂ ಬಿಗಿಯಾಗಿರುತ್ತದೆ. ಸ್ವಲ್ಪ ಹಳೆಯದು, ಒತ್ತಿದರೆ ಗಟ್ಟಿ ಇರುವುದು, ಹಸಿರು ಬಣ್ಣ ತಿರುಗದೆ ಇರುವುದು ಆರಿಸಿಕೊಳ್ಳಿ. ತೆಳ್ಳಗೆ ಬಿಲ್ಲೆ ಕೊಯ್ಯಿರಿ. ಉಳ್ಳಾಗಡ್ಡೆಯನ್ನು ಉಳಿದವರು ಉದ್ದಕ್ಕೆ ಕೊಯ್ಯುತ್ತಾರೆ. ನಾನು ಅದರ ಉದ್ದ ಎಳೆಗಳು ಗಂಟಲಿಗೆ ಅಂಟಿಯಾವೆಂದು ಹೆದರಿ ರವೆಯ ಹಾಗೆ ಸಣ್ಣಗೆ ಹೆಚ್ಚಿದೆ. ಧಾರಾಳ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಕೆಂಪಾಗದ ಹಾಗೆ ಬೇಯಿಸಬೇಕು. ಬಿಲ್ಲೆಗೆ ಚಮಚದ ಅಂಚು ತಾಗಿಸಿದರೆ ತಾನೇ ಎರಡಾಗಬೇಕು. ಎಣ್ಣೆ ಸೋಸಿ, ಉಪ್ಪು ಹಾಕಿ, ಬಿಸಿ ಇರುವಾಗಲೇ ಕಡೆದ ತತ್ತಿಯಲ್ಲಿ ಮುಳುಗಿಸಿ ಸ್ವಲ್ಪ ಹೊತ್ತು ಬಿಡಬೇಕು. ಈ ಬಿಡುವುದನ್ನು ಮೊದಲ ಸಲ ನಾನು ಮಾಡಿರಲಿಲ್ಲ. ಆಲೂಗಡ್ಡೆ ತತ್ತಿಯನ್ನು ಕುಡಿದರೆ ಮಾತ್ರ ಒಂದನ್ನೊಂದು ಹಿಡಿಯುತ್ತವೆ.

ಅಕ್ಕ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ ಮೇಲೆ ನಾನು ವಿಷಯ ತೆಗೆದೆ. ಮಾತಾಡಿಸಬಾರದು, ನೆತ್ತಿ ತಟ್ಟಬಾರದು, ನೀರು ಕೊಡಬಾರದು. ಅವರ ಮುಖ ಗಂಟಾಯಿತು.

“ನಂಗ ಹೇಳ್ತೀಯೇನಬೇ? ಹಲ್ಲು ಬರೂಕಿಂತ ಮೊದಲ ಈ ಬೆರಳಿಲೇ ಉಣಿಸೀನಿ ಅವಂಗ.”

“ಉಣಿಸೀರಿ, ಇಲ್ಲಂತೀನೇನ್ರಿ? ಆದ್ರ ಆಗಿನ ಗಂಟಲ ಬ್ಯಾರೆ, ಈಗಿನ ಗಂಟಲ ಬ್ಯಾರೆ.”

“ತಾಟಿಗೆ ತಂಬಿಗಿ ನೀರು ಇಡಾಕೂ ಬ್ಯಾಡಂತೀಯಲ್ಲ. ನೀರಿಡದ ತಾಟಿನ ಮುಂದ ನಾಯಿನೂ ಕೂಡಂಗಿಲ್ಲ.”

“ಇವತ್ತೊಂದಿನ ನಾವೇ ನಾಯಿ ಆಗೂಣ್ರಿ ಅಕ್ಕಾರ,” ಎಂದೆ. ಅವರು ನಗಲಿಲ್ಲ, ಆದರೆ ಸುಮ್ಮನಾದರು.

ನಾನು ನಂಬಲಿಲ್ಲ. ವ್ಯಾಪಾರದಲ್ಲಿ ಸುಮ್ಮನಾದ ಗಿರಾಕಿಯನ್ನು ನಂಬಬಾರದು. ಪಡಸಾಲೆಯಲ್ಲಿದ್ದ ನೀರಿನ ಕೊಡ, ಲೋಟ, ಕಿಟಕಿಯಲ್ಲಿದ್ದ ಮಗಳ ಬಾಟಲಿ ಎಲ್ಲವನ್ನೂ ಅಡುಗೆಮನೆಗೆ ಒಯ್ದಿಟ್ಟು ಬಾಗಿಲು ಮುಂದೆ ಮಾಡಿದೆ. ಅಂಗಡಿಯಿಂದ ಪ್ಲಾಸ್ಟಿಕ್ ಸ್ಟೂಲು ತರಿಸಿದ್ದೆ. ನನ್ನ ಗಂಡ ಒಬ್ಬರೇ ಕುರ್ಚಿಯ ಮೇಲೆ ಕೂತು ನಾವು ನೆಲದಲ್ಲಿ ಕೂತರೆ ಅವರಿಗೆ ಸೇರುವುದಿಲ್ಲ ಎಂದು ಎಲ್ಲರಿಗೂ ಸ್ಟೂಲು.

ಕೊನೆಯ ಕೆಲಸ ಆಮ್ಲೆಟ್ಟನ್ನು ಬೋರಲು ಹಾಕುವುದು. ಅಂಚು ಬಿಗಿದು ನಡುವೆ ಇನ್ನೂ ನಡುಗುತ್ತಿರುವಾಗ ತವೆಯ ಮೇಲೆ ತಾಟು ಮುಚ್ಚಿ, ಒಂದು ಕೈ ತಾಟಿನ ಮೇಲೆ ಒತ್ತಿ, ಒಂದೇ ಸಲಕ್ಕೆ ತಿರುವಬೇಕು. ಅನುಮಾನಿಸಿದರೆ ಚೆಲ್ಲುತ್ತದೆ. ಕ್ವಿಂಟಲ್ ಚೀಲ ಎಳೆದಾಡುವ ನಾನು ಎರಡು ಸಲ ತಾಟು ಮುಚ್ಚಿ ಮತ್ತೆ ತೆಗೆದೆ. ಮಗಳು “ನಾ ಮಾಡ್ಲೇನು ಯವ್ವಾ?” ಎಂದಳು. ಬೇಡ ಎಂದೆ. ತಿರುವಿದೆ. ಮಣಿಕಟ್ಟಿನ ಮೇಲೆ ಬಿಸಿ ಎಣ್ಣೆ ಹರಿಯಿತು, ಆದರೆ ಆಮ್ಲೆಟ್ಟು ಇಡಿಯಾಗಿ ತಾಟಿನಲ್ಲಿ ಕೂತಿತು. ಅದನ್ನು ಮತ್ತೆ ತವೆಗೆ ಜಾರಿಸಿ, ಹಸಿ ಉಳಿಯದ ಹಾಗೆ ಸಣ್ಣ ಉರಿಯಲ್ಲಿ ಬೇಯಿಸಿದೆ.

ಎಲ್ಲರೂ ಕೂತೆವು. ಗಂಡನ ಪಾಲಿಗೆ ನಡುವಿನ ತುಂಡು, ಮೇಲಿನ ಕೆಂಪು ಪದರ ಸುಲಿದು, ಒಳಗಿನದನ್ನು ಫೋರ್ಕಿನಿಂದ ಕಿವುಚಿ, ಗಟ್ಟಿ ಮೊಸರು ಬೆರೆಸಿದ್ದೆ. ಅವರು ಬಟ್ಟಲಿಗೆ ಮೂಗು ತಂದು ವಾಸನೆ ನೋಡಿದರು. ಕಣ್ಣು ಮುಚ್ಚಿದರು.

ಮೊದಲ ಅರ್ಧ ಚಮಚ ಬಾಯಲ್ಲಿಟ್ಟೆ. ಗದ್ದ ಬಗ್ಗಿಸಿದರು. ಗಂಟಲ ಗುಬುಟು ಮೇಲೆ ಹೋಗಿ ಅಲ್ಲೇ ನಿಂತ ಹಾಗೆ ಕಂಡಿತು. ಆಮೇಲೆ ಇಳಿಯಿತು. ಮತ್ತೊಮ್ಮೆ ನುಂಗಿದರು.

“ಆ ಅನ್ರಿ.”

“ಆ...” ಒಣ ದನಿ. ಚೆನ್ನಾಗಿತ್ತು.

ಎರಡನೆಯದೂ ಹೋಯಿತು. ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮಗಳು ತನ್ನ ತಾಟು ಮುಟ್ಟಿರಲಿಲ್ಲ. ಅಕ್ಕ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಅವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೂರನೆಯ ತುತ್ತು ಬಾಯಿಗಿಟ್ಟೆ. ತಮ್ಮನು ಬಾಯಾಡಿಸುವುದನ್ನು ನೋಡುತ್ತಿದ್ದ ಅಕ್ಕನ ಮುಖ ಬೆಳಗಿತು. ಆ ಸಂತೋಷದಲ್ಲೇ ಜಾರಿಬಿಟ್ಟರು.

“ಉಪ್ಪು ಹದ ಅದ ಏನೋ, ತಮ್ಮಾ?”

ಕೆಟ್ಟ ಮಾತೇನಲ್ಲ. ಉಣ್ಣುವವರನ್ನು ನಾವೆಲ್ಲರೂ ಕೇಳುವ ಮಾತು. ಅಕ್ಕ ಕೇಳಿದರೆ ಉತ್ತರ ಕೊಡದೆ ಇರುವುದು ನನ್ನ ಗಂಡನಿಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ. ತುತ್ತು ಬಾಯಲ್ಲಿದ್ದ ಹಾಗೇ ತಲೆ ಎತ್ತಿ “ಹ್ಞೂಂ...” ಎನ್ನಲು ಹೋದರು.

ಕೆಮ್ಮು ಹೊರಟಿತು. ಮೊದಲು ಸಣ್ಣದು, ಆಮೇಲೆ ಇಡೀ ಮೈ ಎಳೆದು ಅಲ್ಲಾಡಿಸುವಂಥದ್ದು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. “ನೆತ್ತಿ ಹತ್ತಿತು! ಯಾರೋ ನೆನಸಾಕತ್ತಾರ!” ಎನ್ನುತ್ತ ಅಕ್ಕ ಎದ್ದರು. ಒಂದು ಕೈ ತಮ್ಮನ ನೆತ್ತಿ ತಟ್ಟುತ್ತಿತ್ತು, ಇನ್ನೊಂದು ಕೈ ಪಕ್ಕದಲ್ಲಿದ್ದ ತಮ್ಮ ಚೀಲಕ್ಕೆ ಹೋಯಿತು. ಮಾನ್ವಿಯಿಂದ ಬಿಸಿಲಲ್ಲಿ ಬಸ್ಸಿಗೆ ಬಂದವರ ಚೀಲದಲ್ಲಿ ನೀರಿನ ಬಾಟಲಿ ಇರದೆ ಏನಿರುತ್ತದೆ! ಮನೆಯ ನೀರೆಲ್ಲ ಬಚ್ಚಿಟ್ಟ ನನಗೆ ಅದು ಹೊಳೆದಿರಲಿಲ್ಲ. ಮುಚ್ಚಳ ಬಿಚ್ಚಿಯೇ ಬಿಟ್ಟರು.

ನಾನು ಕೂಗಬೇಕು. ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಯ ಹಮಾಲರನ್ನು ಕೂಗಿ ಕರೆಯುವವಳು ನಾನು. ದನಿ ಬರಲಿಲ್ಲ. ಚಮಚ ಹಿಡಿದ ಕೈ ಗಾಳಿಯಲ್ಲೇ ಇತ್ತು. ನನ್ನ ಗಂಡ ಬಾಟಲಿಯನ್ನು ನೋಡಿದರು. ಎಷ್ಟೋ ದಿನದಿಂದ ನೀರು ನೀರಾಗಿ ಅವರ ನಾಲಿಗೆಗೆ ತಾಗಿರಲಿಲ್ಲ. ಕುಡಿದೇ ಬಿಡುತ್ತಾರೆ ಎಂದುಕೊಂಡೆ. ನೆಟ್ಟಗಿರುವ ಎಡಗೈ ಎದ್ದು ಬಾಟಲಿಯ ಕಡೆಗೇ ಹೋಯಿತು.

ಹೋದದ್ದು ಹಾಗೇ ಅಂಗೈ ಅಗಲವಾಗಿ ಅಕ್ಕನ ಮುಖದ ಮುಂದೆ ನಿಂತಿತು. ಎದುರು ನುಗ್ಗುವ ಗಾಡಿಯನ್ನು ಡ್ರೈವರ್ ನಿಲ್ಲಿಸುತ್ತಾನಲ್ಲ, ಆ ಕೈ. ಅಕ್ಕ ಬಾಟಲಿ ಎತ್ತಿದ್ದವರು ಎತ್ತಿದ ಹಾಗೇ ನಿಂತರು. ಇವರು ಗದ್ದವನ್ನು ಎದೆಗೆ ಒತ್ತಿ ಕೆಮ್ಮಿದರು, ತಡೆದು ಮತ್ತೆ ಕೆಮ್ಮಿದರು. ಮಗಳು ಅವರ ಮುಂದೆ ಮಂಡಿಯೂರಿ, “ಹಂಗ ಯಪ್ಪಾ, ಹಂಗ, ಜೋರಲೇ ಕೆಮ್ಮು,” ಎನ್ನುತ್ತಿದ್ದಳು. ಏನೋ ಬಾಯಿಗೆ ಬಂತು, ಟವೆಲ್ಲಿಗೆ ಉಗುಳಿದರು. ನುಂಗಿದರು. ಸುಮ್ಮನಾದರು.

“ಆ ಅನ್ರಿ,” ಎಂದೆ.

“ಆ...” ಗುಳುಗುಳು ಎಂದಿತು. ಕೊಡದ ಬಾಯಿಗೆ ಬಾಯಿಟ್ಟು ಕೂಗಿದ ಹಾಗೆ.

ಮಗಳು ನನ್ನನ್ನು ನೋಡಿದಳು. ಯಾರೂ ಪೈಪು ಎನ್ನಲಿಲ್ಲ. ಅವರು ಇನ್ನೊಮ್ಮೆ ಕೆಮ್ಮಿ, ಗದ್ದ ಬಗ್ಗಿಸಿ ಕಷ್ಟಪಟ್ಟು ನುಂಗಿದರು. ನಾನು ಎದ್ದು ಹೋಗಿ, ತತ್ತಿಯನ್ನು ಕಿವಿಗೆ ಹಿಡಿಯುವ ಹಾಗೆ, ಕಿವಿಯನ್ನೇ ಅವರ ಗಂಟಲ ಹತ್ತಿರ ಇಟ್ಟೆ.

“ಈಗ ಅನ್ರಿ.”

“ಆ...”

ಲೊಳಕ್ ಎನ್ನಲಿಲ್ಲ. ಇನ್ನೊಮ್ಮೆ ಅನ್ನಿಸಿದೆ, ಮತ್ತೂ ಒಮ್ಮೆ ಅನ್ನಿಸಿದೆ. ಒಣ ದನಿ. ಮಾರ್ಕೆಟ್ಟಿನಲ್ಲಿ ಆರಿಸಿದ ತತ್ತಿಯ ಹಾಗೆ, ಒಳಗೆ ಏನೂ ಅಲುಗುತ್ತಿರಲಿಲ್ಲ.

ಅಕ್ಕ ಬಾಟಲಿಯ ಮುಚ್ಚಳ ಹಾಕಲು ನೋಡುತ್ತಿದ್ದರು, ಮುಚ್ಚಳ ಬಾಯಿಗೆ ಕೂಡುತ್ತಿರಲಿಲ್ಲ. ಕೊನೆಗೆ ಬಾಟಲಿ ಹಿಡಿದೇ ಹೊರಗೆ ಹೋಗಿ ಅಂಗಳದ ತುಳಸಿಯ ಬುಡಕ್ಕೆ ಎಲ್ಲವನ್ನೂ ಸುರಿದು ಬಂದರು. “ನನ್ನ ಕೈ ಸುಡಲಿ,” ಎಂದರು, ನಿಂತಲ್ಲೇ. ಕೆಮ್ಮಿದ್ದು ಬೇರೆ ಯಾರಾದರೂ ಆಗಿದ್ದರೆ ನನ್ನ ಕೈಯೂ ಅಲ್ಲಿಗೇ ಹೋಗುತ್ತಿತ್ತು.

ನನ್ನ ಮಟ್ಟಿಗೆ ಊಟ ಮುಗಿದಿತ್ತು. ಬಟ್ಟಲು ಎತ್ತಿಕೊಂಡೆ. ನನ್ನ ಗಂಡ ನನ್ನ ಮುಂಗೈ ಹಿಡಿದು ತಡೆದು, ಆಮೇಲೆ ಎರಡು ಬೆರಳು ತೋರಿಸಿದರು.

“ಇಲ್ರಿ. ಸಾಕು.”

ಎರಡು ಬೆರಳು ಹಾಗೇ ಇದ್ದವು. ಕವಿತಾಳದ ಬಂಡಿಯ ಮುಂದೆ ನಿಂತು ಇನ್ನೆರಡು ಸುಡು ಎನ್ನುವ ಹಾಗೆ.

“ದನಿ ತಿಳಿಯಾದ್ರ ಕೊಡಬಹುದು ಅಂದಾರ ಮೇಡಂ,” ಎಂದಳು ಮಗಳು ಮೆಲ್ಲಗೆ.

“ಒಂದು,” ಎಂದೆ. “ಒಂದಕ್ಕಿಂತ ಮ್ಯಾಲ ದೇವರು ಬಂದು ಕೇಳಿದ್ರೂ ಇಲ್ಲ.”

ಅವರು ಒಂದು ಬೆರಳು ಮಡಚಿದರು. ವ್ಯಾಪಾರ ಕುದುರಿತು. ಆ ಒಂದು ಅರ್ಧ ಚಮಚವನ್ನು ಬಾಯಿಗಿಡುವಾಗ ನಾನು ಪಟ್ಟ ಭಯವನ್ನು ಯಾವ ತಕ್ಕಡಿಗೂ ಇಡಲಾರೆ. ಅಕ್ಕ ಎರಡೂ ಅಂಗೈಗಳನ್ನು ತಮ್ಮದೇ ಬಾಯಿಗೆ ಒತ್ತಿ ಹಿಡಿದುಕೊಂಡು ನಿಂತಿದ್ದರು. ತುತ್ತು ಇಳಿಯಿತು. “ಆ” ತಿಳಿಯಾಗಿ ಬಂತು.

ಆಮೇಲೆ ನಾವು ತಣ್ಣಗಾದ ಆಮ್ಲೆಟ್ಟನ್ನು ರೊಟ್ಟಿಯ ಜೊತೆ ತಿಂದೆವು. ಒಣರೊಟ್ಟಿ ಅಕ್ಕನ ಗಂಟಲಿಗೆ ಸಿಕ್ಕಿ ಅವರಿಗೇ ಕೆಮ್ಮು ಬಂತು. ಮಗಳು ಅಡುಗೆಮನೆಗೆ ಎದ್ದರೆ ಕೈ ಅಡ್ಡ ಹಿಡಿದರು. “ಅವ ಎದುರಿಗೆ ಕೂತಾನ. ಬ್ಯಾಡ,” ಎಂದು ಗದ್ದವನ್ನು ಎದೆಗೆ ಒತ್ತಿ, ಎರಡೆರಡು ಸಲ ನುಂಗಿ, ಕಣ್ಣೊರೆಸಿಕೊಂಡರು. ನನ್ನ ಗಂಡ ಸೊಟ್ಟ ಬಾಯಲ್ಲಿ ನಗುತ್ತ ಹೇಳಿದರು: “ಅಕ್ಕಾ... ಆ ಅನ್ನು.”

“ಆ! ಸಾಕೇನು, ಡಾಕ್ಟರಪ್ಪಾ?”

ನಾವೆಲ್ಲ ನೀರು ಕುಡಿದದ್ದು ಹಿತ್ತಲಿನಲ್ಲಿ, ಕಳ್ಳರ ಹಾಗೆ.

ಅಲ್ಲಿಂದ ಸೋಮವಾರದವರೆಗೆ ನಾನು ಕೆಲಸವೆಂದು ಏನೂ ಮಾಡಲಿಲ್ಲ. ಹಣೆ ಮುಟ್ಟಿ ನೋಡುವುದು, ಎದೆಗೆ ಕಿವಿಯಿಡುವುದು, ಇಷ್ಟೇ. ಬಿಸಿಲಿನ ಕಾವನ್ನೇ ಜ್ವರ ಎಂದು ತಿಳಿದು ಮಗಳನ್ನು ಕೂಗಿದ್ದೂ ಆಯಿತು. ಅಕ್ಕ ಮಾನ್ವಿಗೆ ಹೋಗದೆ ಉಳಿದರು. ಮರುದಿನ ಡಾಕ್ಟರು ಸ್ಟೆತಸ್ಕೋಪನ್ನು ಬೆನ್ನಿನ ಮೇಲೆ ಅಲ್ಲಲ್ಲಿ ಇಟ್ಟು ಕೇಳುವಾಗ ನಾವಿಬ್ಬರೂ ಬಾಗಿಲ ಬಳಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಡಾಕ್ಟರ ಹುಬ್ಬು ಗಂಟಾದಾಗಲೆಲ್ಲ ಅಕ್ಕನ ಉಗುರು ನನ್ನ ಅಂಗೈಗೆ ಇಳಿಯುತ್ತಿತ್ತು.

“ಎದೆ ಕ್ಲಿಯರ್ ಇದೆ. ಸದ್ದಿಲ್ಲ,” ಎಂದರು ಡಾಕ್ಟರು. ಮೇಡಂ ಆರು ತುತ್ತಿಗೆ ಏರಿಸಿದಳು. ಇನ್ನೆರಡು ಮಾಡಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ಆಮ್ಲೆಟ್ಟಿನ ಸಣ್ಣ ತುಂಡನ್ನೇ ಉಣ್ಣುತ್ತಾರೆ. ನೀರು ಇನ್ನೂ ಗಟ್ಟಿಯದೇ. ಭಯ ಹೋಗಿಲ್ಲ. ಮಾರ್ಕೆಟ್ಟಿನಲ್ಲಿ ಯಾರೋ ಗೊತ್ತಿಲ್ಲದವರು ಕೆಮ್ಮಿದರೂ ನನ್ನ ಕೈಯ ತಕ್ಕಡಿ ನಿಲ್ಲುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಮಾನ್ವಿಯಿಂದ ಫೋನು ಬರುತ್ತದೆ. ಅಕ್ಕ ಗದ್ದೆಯ ಬದುವಿನ ಮೇಲೆ ನಿಂತು ಮಾಡುತ್ತಾರೆ, ಹಿಂದೆ ನಾಟಿಯ ಹೆಣ್ಣುಮಕ್ಕಳ ಮಾತು ಕೇಳುತ್ತಿರುತ್ತದೆ. ಆರಾಮ ಇದ್ದೀಯಾ ಎನ್ನುವುದಿಲ್ಲ, ಉಪ್ಪು ಕೇಳುವುದಿಲ್ಲ. ನಾನು ಫೋನನ್ನು ಇವರ ಬಾಯಿಯ ಹತ್ತಿರ ಹಿಡಿಯುತ್ತೇನೆ. ಗದ್ದ ಎದೆಗೆ ಬಗ್ಗಿದೆ, ತುತ್ತು ಇಳಿಯುತ್ತಿದೆ, ಆ ಕಡೆ ಅಕ್ಕ “ಲೇ, ಸುಮ್ನಾಗ್ರಿ ಎಲ್ಲಾರೂ!” ಎಂದು ಇಡೀ ಗದ್ದೆಯ ಬಾಯಿ ಮುಚ್ಚಿಸುತ್ತಾರೆ. ನನ್ನ ಕೈಯಲ್ಲಿ ಮುಂದಿನ ಚಮಚ ಹಾಗೇ ನಿಂತಿರುತ್ತದೆ, ಇವರು “ಆ” ಎನ್ನುವವರೆಗೆ.